ಸಂತೆ ದಿನದ ಗುಳಿಗೆ

ಚಿದ್ರಿ, ಬೀದರ
14 ಜೂನ್ 2024

ಸಿದ್ದೇಶ್ವರಿ,

ಗುಳಿಗೆಯ ಡಬ್ಬಿಯ ಜೊತೆ ಈ ಕಾಗದ ಇಡುತ್ತಿದ್ದೇನೆ. ಫೋನು ಮಾಡಿದರೆ ಅವ್ವ ಸ್ಪೀಕರ್ ಹಾಕಿ ಇಡೀ ಅಂಗಳಕ್ಕೆ ಕೇಳಿಸುತ್ತಾಳೆ, ಮಾತಿಗೊಂದು ಮಾತು ಸೇರಿಸುತ್ತಾಳೆ. ಔಷಧದ ವಿಷಯ ಹಾಗೆ ಹೇಳುವಂಥದ್ದಲ್ಲ. ಬರೆದರೆ ನೀನು ಎರಡು ಸಲ ಓದಬಹುದು. ಔರಾದ ಬಸ್ಸಿನ ಕಂಡಕ್ಟರ್ ಸಂತೋಷಕುಮಾರ ನಮ್ಮ ಓಣಿಯವನೇ, ತಿಂಗಳಿಗೊಮ್ಮೆ ಡಬ್ಬಿ ತಂದುಕೊಡುತ್ತಾನೆ. ಇಂಗ್ಲಿಷ್ ಸಾಲೆಯಲ್ಲಿ ಓದಿದವಳ ಕನ್ನಡ ಇದು, ತಪ್ಪಿದ್ದರೆ ನಗಬೇಡ.

ಹೈದರಾಬಾದಿನಲ್ಲಿ ವೈದ್ಯರು ಹೇಳಿದ್ದನ್ನು ಮತ್ತೊಮ್ಮೆ ಬರೆಯುತ್ತೇನೆ. ತಮ್ಮ ಹಣಮಂತನ ಮೆದುಳಿನ ಕೆಳಗೆ, ಕಣ್ಣಿನ ನರದ ಹತ್ತಿರ, ಪಿಟ್ಯುಟರಿ ಎಂಬ ಬಟಾಣಿ ಕಾಳಿನಂಥ ಗ್ರಂಥಿ ಇದೆ. ಅದರಲ್ಲಿ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ. ಅದು ಕಣ್ಣಿನ ನರವನ್ನು ಒತ್ತುತ್ತಿರುವುದರಿಂದಲೇ ಅವನಿಗೆ ನೇರ ಎದುರಿನದು ಕಾಣುತ್ತಿತ್ತು, ಎರಡೂ ಪಕ್ಕದ್ದು ಕಾಣುತ್ತಿರಲಿಲ್ಲ. ಹಿಂಡಿನ ಅಂಚಿನ ಕುರಿಗಳು ತಪ್ಪಿಸಿಕೊಂಡಾಗ ನಾವೆಲ್ಲ ಅವನನ್ನು ಬೈದೆವು. ಬಾಣಂತಿಯರಲ್ಲಿ ಹಾಲು ತರಿಸುವ ಹಾರ್ಮೋನು ಅವನಲ್ಲಿ ನೂರು ಪಟ್ಟು ಹೆಚ್ಚಾಗಿದೆ. ನಿಮಗೆ ಏಳು ವರ್ಷ ಮಕ್ಕಳಾಗದ್ದಕ್ಕೂ ಅದೇ ಕಾರಣ ಇರಬಹುದು ಎಂದರು. ಈಗ ಕಾರಣ ತಿಳಿಯಿತಲ್ಲ.

ಆಪರೇಷನ್ ಬೇಡ. ಕ್ಯಾಬರ್ಗೋಲಿನ್ ಎಂಬ ಈ ಗುಳಿಗೆಯಿಂದ ಗಡ್ಡೆ ಕುಗ್ಗುತ್ತದೆ. ವಾರಕ್ಕೆ ಎರಡೇ ಸಲ, ಒಂದೊಂದು. ದಿನ ಮರೆಯಬಾರದೆಂದು ನಾನೊಂದು ಉಪಾಯ ಮಾಡಿದ್ದೇನೆ. ಕುರಿ ಮಾರಲು ಅವನು ಈಗ ಮಾಡುವುದು ಎರಡೇ ಸಂತೆ, ಔರಾದ ಮತ್ತು ಭಾಲ್ಕಿ. ನಡುವೆ ಮೂರು ದಿನದ ಅಂತರ. ವೈದ್ಯರು ಹೇಳಿದ ಅಂತರವೂ ಅಷ್ಟೇ. ಅದಕ್ಕೆ ಅವನಿಗೆ, "ಸಂತಿ ದಿನ ಗುಳಿಗಿ, ಇಷ್ಟ ನೆನಪಿಡು" ಅಂದೆ. ನುಂಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳು.

ಡಬ್ಬಿಯೊಳಗಿನ ಇಂಗ್ಲಿಷ್ ಕಾಗದವನ್ನು ಓದಿ ಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ. ಹೊಟ್ಟೆ ತೊಳಸಬಹುದು. ತಲೆ ತಿರುಗಬಹುದು. ಕುಳಿತಲ್ಲಿಂದ ನಿಧಾನ ಏಳಬೇಕು. ಊಟದ ನಂತರವೇ ನುಂಗಬೇಕು. ಉಳಿದದ್ದು ನಮಗೆ ಸಂಬಂಧಿಸಿದ್ದಲ್ಲ.

ರಾಧಿಕಾ


ಔರಾದ
2 ಜುಲೈ 2024

ಅಕ್ಕಾವರಿಗೆ ನಮಸ್ಕಾರ.

ಡಬ್ಬಿ ಮುಟ್ಟಿತು. ನಿಮ್ಮ ಕನ್ನಡ ಸರಿಯಾಗಿಯೇ ಇದೆ. ನಗುವಂಥದ್ದೇನೂ ಕಾಣಲಿಲ್ಲ.

ಮೊದಲ ಗುಳಿಗೆಗೆ ಎರಡು ಸಲ ವಾಂತಿ ಆಯಿತು. ಅತ್ತೆ, "ಇದೇನ್ ಔಷಧ, ಉಂಡದ್ದೆಲ್ಲಾ ಹೊರಗ ಹಾಕ್ತದ" ಎಂದು ಕಂಡಕ್ಟರನಿಗೆ ಬೈದು ಕಳಿಸಿದರು. ಪಾಪ, ಅವನೇನು ಮಾಡಿದ. ಈಗ ವಾಂತಿ ನಿಂತಿದೆ. ಸಂತೆಯಿಂದ ಬಂದು, ಊಟ ಮಾಡಿ, ಗುಳಿಗೆ ನುಂಗಿ, ಗೋಡೆಯ ಕ್ಯಾಲೆಂಡರಿಗೆ ಗೀಟು ಹಾಕಿ ಮಲಗುತ್ತಾರೆ. ಅಕ್ಕ ಹೇಳಿದ್ದೆಂದರೆ ಅವರಿಗೆ ಮುಗಿಯಿತು, ಬೇರೆ ಮಾತಿಲ್ಲ.

ಮೊದಲು ಐದು ಸಂತೆ ಮಾಡುತ್ತಿದ್ದವನು ಎರಡಕ್ಕೆ ಇಳಿದೆನಲ್ಲ ಎಂಬ ಚಿಂತೆ ಮಾತ್ರ ಅವರಿಗಿದೆ.

ಮೊನ್ನೆ ರೊಟ್ಟಿ ಬಡಿಯುತ್ತಿದ್ದೆ. ಅವರು ಎದುರು ಗೋಡೆ ನೋಡುತ್ತಲೇ, "ನಿನ್ನ ಎಡಗೈ ಬಳಿ ಒಡದದ ಏನು?" ಎಂದರು. ಬಳೆ ಒಡೆದದ್ದು ನಿಜ. ಪಕ್ಕದ್ದು ಕಂಡಿತು ಅಕ್ಕ. ನನಗೆ ಕಣ್ಣಲ್ಲಿ ನೀರು ಬಂತು.

ನೀವು ಬರೆದಿರಿ, ಈಗ ಕಾರಣ ತಿಳಿಯಿತಲ್ಲ ಎಂದು. ತಿಳಿಯಿತು.

ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದೇನೆ. ಡಬ್ಬಿ ತೊಳೆದು ವಾಪಸ್ ಕೊಡಿ.

ಸಿದ್ದೇಶ್ವರಿ


ಚಿದ್ರಿ, ಬೀದರ
21 ಆಗಸ್ಟ್ 2024

ಸಿದ್ದೇಶ್ವರಿ,

ಹಣಮಂತ ನಿನ್ನೆ ಬೀದರಕ್ಕೆ ಬಂದಿದ್ದ. ಅವನ ಮುಖ ನೋಡಿ ನನಗೇ ನಂಬಿಕೆ ಬರಲಿಲ್ಲ. ಕೆನ್ನೆ ತುಂಬಿಕೊಂಡಿದೆ, ಮಾತು ಜೋರಾಗಿದೆ. ರಕ್ತ ಪರೀಕ್ಷೆಯಲ್ಲಿ ಆ ಹಾರ್ಮೋನು ಬಹಳ ಇಳಿದಿದೆ. ಕುಳಿತಲ್ಲಿ ಕುಳಿತುಕೊಳ್ಳಲಾರದವನಂತೆ ಮನೆಯ ಒಳಗೂ ಹೊರಗೂ ಓಡಾಡುತ್ತಿದ್ದ. ಹೋಗುವಾಗ ಶಾಹಗಂಜ್ ಪೇಟೆಯಲ್ಲಿ ನನಗೊಂದು ಕುಕ್ಕರ್ ಕೊಂಡು ಕೊಟ್ಟ. ಮನೆಯಲ್ಲಿ ಎರಡಿವೆ ಎಂದರೂ ಕೇಳಲಿಲ್ಲ. ಅಕ್ಕನ ಮೇಲಿನ ಪ್ರೀತಿ ಎಂದುಕೊಂಡು ತೆಗೆದುಕೊಂಡೆ.

ಅವ್ವನೂ ಫೋನಿನಲ್ಲಿ, "ಮನಿಯಾಗ ಈಗ ಚೊಲೋ ಅದ ನೋಡು, ಹುಡುಗ ಹುಡುಗ ಆಗ್ಯಾನ" ಎಂದಳು. ಅವಳು ನಕ್ಕ ರೀತಿಯಿಂದ ಅರ್ಥವಾಯಿತು. ನಾದಿನಿಯಾಗಿ ಬರೆಯಬಾರದೇನೋ, ಆದರೂ ನನಗೆ ಸಂತೋಷವಾಯಿತೆಂದು ಬರೆಯುತ್ತೇನೆ.

ನೀನು ಈ ಸಲ ಏನೂ ಬರೆದು ಕಳಿಸಲಿಲ್ಲ. ಕೆಲಸ ಹೆಚ್ಚಾಗಿರಬೇಕು.

ರಾಧಿಕಾ


ಔರಾದ
26 ಸೆಪ್ಟೆಂಬರ್ 2024

ಅಕ್ಕಾವರಿಗೆ,

ಒಂದು ಮಾತು ಕೇಳಬೇಕಾಗಿದೆ. ತಪ್ಪು ತಿಳಿಯಬೇಡಿ.

ನೀವು ಕಳಿಸಿದ ಗುಳಿಗೆ ಮುಗಿದವೆಂದು ಅವರು ಭಾಲ್ಕಿಯ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆಯ ಖಾಲಿ ಪಟ್ಟಿ ತೋರಿಸಿ ತಾವೇ ಒಂದು ಡಬ್ಬಿ ತಂದರು. ಆ ಡಬ್ಬಿಯೊಳಗೆ ಮಡಿಸಿದ ಒಂದು ಕಾಗದ ಇತ್ತು. ನೀವು ಕಳಿಸುವ ಡಬ್ಬಿಯಲ್ಲಿ ಒಂದು ಸಲವೂ ಅದು ಇರಲಿಲ್ಲ. ಬಿಡಿಸಿ ನೋಡಿದೆ. ಇರುವೆ ಸಾಲಿನಂಥ ಸಣ್ಣ ಅಕ್ಷರ, ಎರಡೂ ಬದಿ ತುಂಬಿದೆ. ನೀವು ಬರೆದದ್ದು ನಾಲ್ಕು ಸಾಲು. ಉಳಿದ ಸಾಲುಗಳಲ್ಲಿ ಏನಿದೆ ಅಕ್ಕ?

ಅವರು ಚೆನ್ನಾಗಿದ್ದಾರೆ. ಚೆನ್ನಾಗಿರುವುದೇ ನನಗೆ ಹೆದರಿಕೆ. ಮನೆಯಲ್ಲಿ ನಿಲ್ಲುವುದಿಲ್ಲ. ಔರಾದ, ಭಾಲ್ಕಿ ಸಾಲದೆಂದು ಕಮಲನಗರ, ಉದಗೀರ, ಇನ್ನೆಲ್ಲೆಲ್ಲೋ ಸಂತೆ ಹಿಡಿದಿದ್ದಾರೆ. ಹೋದ ವಾರ ಗಬ್ಬದ ಕುರಿಗಳನ್ನು ಮಾರಿಬಿಟ್ಟರು. ನಮ್ಮ ಮನೆಯಲ್ಲಿ ಗಬ್ಬದ ಕುರಿ ಮಾರಿದವರು ಯಾರಾದರೂ ಇದ್ದಾರೆಯೇ, ನೀವೇ ಹೇಳಿ. "ಯಾಕ್ರೀ?" ಎಂದರೆ, "ವ್ಯಾಪಾರ ನಿನಗೇನ ತಿಳೀತದ, ರೊಟ್ಟಿ ಬಡಿ" ಎಂದರು. ಏಳು ವರ್ಷದಲ್ಲಿ ಹೀಗೆ ಮಾತಾಡಿದವರಲ್ಲ.

ಇನ್ನೂ ಇದೆ. ಅದನ್ನು ನಿಮಗೆ ಬರೆಯಲಾರೆ. ನೀವು ಅವರ ಅಕ್ಕ.

ಸಿದ್ದೇಶ್ವರಿ


ಚಿದ್ರಿ, ಬೀದರ
3 ಅಕ್ಟೋಬರ್ 2024

ಸಿದ್ದೇಶ್ವರಿ,

ಆ ಕಾಗದದಲ್ಲಿ ಹೆದರುವಂಥದ್ದೇನೂ ಇಲ್ಲ. ಕಂಪನಿಯವರು ಯಾವುದೋ ದೇಶದ ಯಾವುದೋ ರೋಗಿಗೆ ಆದದ್ದನ್ನೆಲ್ಲ ಕಾನೂನಿಗಾಗಿ ಬರೆದಿರುತ್ತಾರೆ. ಡಬ್ಬಿಯಲ್ಲಿ ಅದನ್ನು ಇಡುವುದನ್ನು ನಾನೇ ಬಿಟ್ಟೆ. ಸುಮ್ಮನೆ ಗಾಬರಿ ಬೇಡವೆಂದು.

ಸಂತೋಷದ ಸುದ್ದಿ ಕೇಳು. ಮೊನ್ನೆಯ ಎಂಆರ್‌ಐ ಬಂದಿದೆ. ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ. ಕಣ್ಣಿನ ನರ ಬಿಡುಗಡೆಯಾಗಿದೆ. ಎರಡು ವರ್ಷ ಸತ್ತಂತಿದ್ದವನು ಎದ್ದು ಐದು ಸಂತೆ ಮಾಡಿದರೆ ಅದಕ್ಕೂ ಸಂಶಯ ಏಕೆ?

ಒಂದು ಮಾತು ನನಗೂ ಕೇಳಬೇಕಾಗಿದೆ. ತಿಂಗಳಿಗೆ ಎಂಟು ಗುಳಿಗೆ ಸಾಕು, ನಾನು ಎಂಟು ಕಳಿಸುತ್ತೇನೆ. ಅವು ನಡುವೆಯೇ ಮುಗಿಯುವುದು ಹೇಗೆ? ನೀನು ಗುಳಿಗೆಗಳನ್ನು ಮುಚ್ಚಿಡುತ್ತೀ ಎಂದು ಅವ್ವ ಹೇಳಿದಳು. ನಾನು ನಂಬಲಿಲ್ಲ. ನಂಬಬಾರದೆಂದೇ ಬರೆಯುತ್ತಿದ್ದೇನೆ.

ರಾಧಿಕಾ


ಔರಾದ
11 ನವೆಂಬರ್ 2024

ಅಕ್ಕಾವರಿಗೆ,

ಅತ್ತೆ ಹೇಳಿದ್ದು ನಿಜ. ಒಂದು ವಾರ ಮುಚ್ಚಿಟ್ಟೆ, ಹಿಟ್ಟಿನ ಡಬ್ಬಿಯಲ್ಲಿ. ಏಕೆ ಎಂದು ಕೇಳಬೇಡಿ. ಅವರು ಭಾಲ್ಕಿಗೆ ಹೋಗಿ ಮತ್ತೆ ತಂದರು.

ನಿನ್ನೆ ಹೊಟ್ಟಿನ ಕೋಣೆ ಸ್ವಚ್ಛ ಮಾಡುತ್ತಿದ್ದೆ. ಮೂಲೆಯಲ್ಲಿ ಮೂರು ಚೀಲ. ಕುರಿಗೆ ಹಿಂಡಿ ತಂದಿರಬೇಕೆಂದು ಬಿಚ್ಚಿದೆ. ಸೀರೆಗಳು. ಹತ್ತೊಂಬತ್ತು. ಎಲ್ಲವೂ ಹಸಿರು. ಒಂದರ ಮಡಿಕೆಯೂ ಬಿಚ್ಚಿಲ್ಲ.

ನಮ್ಮಲ್ಲಿ ಹಸಿರು ಸೀರೆಯನ್ನು ಯಾವಾಗ ತರುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಬಸುರಿಯಲ್ಲ, ನನಗೆ ಕುಬಸದ ಶಾಸ್ತ್ರ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ. ಹಾಗಾದರೆ ಬೇರೆ ಯಾರೋ ಹಸಿರು ಉಡುವವಳು ಇದ್ದಾಳೆ. ಅವರ ಮೊಬೈಲಿನಲ್ಲಿ "ಮುಸರ್ರತ ಭಾಲ್ಕಿ" ಎಂಬ ಹೆಸರು ವಾರಕ್ಕೆ ಮೂರು ಸಲ, ನಾಲ್ಕು ಸಲ ಬರುತ್ತದೆ.

ಅತ್ತೆಗೆ ತೋರಿಸಿದೆ. "ಗಂಡಸು ಆರಾಮ ಆದ ಮ್ಯಾಲ ನಾಕ ಕಡೆ ತಿರಗತಾನ. ನೀ ಅದನ್ನ ಎಣಿಸ್ಕೋತ ಕೂಡಬ್ಯಾಡ" ಎಂದರು.

ನಿಮ್ಮ ತಮ್ಮನಿಗೆ ಕಣ್ಣು ಬಂತು ಅಕ್ಕ. ಈಗ ಪಕ್ಕದ್ದೇ ಕಾಣುತ್ತದೆ, ಎದುರಿನದು ಕಾಣುವುದಿಲ್ಲ.

ಸಿದ್ದೇಶ್ವರಿ


ಚಿದ್ರಿ, ಬೀದರ
15 ನವೆಂಬರ್ 2024

ಸಿದ್ದೇಶ್ವರಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲವೂ ಸಿಟ್ಟು ಇಳಿಯಲಿಲ್ಲ.

ನೀನು ಗುಳಿಗೆ ಮುಚ್ಚಿಟ್ಟೆ. ಅದು ಒಂದು ವಾರವೇ, ಇನ್ನೂ ಹೆಚ್ಚೇ, ನನಗೆ ಹೇಗೆ ತಿಳಿಯಬೇಕು? ಎಂಟು ಗುಳಿಗೆ ಎರಡು ವಾರದಲ್ಲಿ ಎಲ್ಲಿ ಹೋದವು ಎಂಬುದಕ್ಕೆ ಈಗ ನನಗೆ ಉತ್ತರ ಸಿಕ್ಕಿದಂತಾಯಿತು. ಗುಳಿಗೆ ನಿಂತರೆ ಗಡ್ಡೆ ಮತ್ತೆ ಬೆಳೆಯಬಹುದು. ಕಣ್ಣು ಹೋದರೆ ಮತ್ತೆ ಬರುವ ಭರವಸೆ ಇಲ್ಲ. ಒಂದು ಸಂಶಯಕ್ಕಾಗಿ ಗಂಡನನ್ನು ಕುರುಡು ಮಾಡಬೇಕೆಂದಿದ್ದೀಯಾ?

ಹಣಮಂತನಿಗೆ ಫೋನು ಮಾಡಿ ಕೇಳಿದೆ. "ಅಕ್ಕಾ, ನೀ ಹೇಳಿದ್ಹಂಗ ಸಂತಿ ದಿನ ತಪ್ಪದ ತಗೋತೀನಿ" ಎಂದ. ಸೀರೆಯ ಮಾತು ತೆಗೆದಾಗ ಕಟ್ ಮಾಡಿದ. ಅವನಲ್ಲೂ ತಪ್ಪಿರಬಹುದು. ಅದು ಬೇರೆ ಮಾತು, ಔಷಧ ಬೇರೆ ಮಾತು. ಎರಡನ್ನೂ ಸೇರಿಸಬೇಡ.

ರಾಧಿಕಾ


ಚಿದ್ರಿ, ಬೀದರ
10 ಡಿಸೆಂಬರ್ 2024

ಸಿದ್ದೇಶ್ವರಿ,

ಸಂತೋಷಕುಮಾರ ಡಬ್ಬಿಯನ್ನು ಹಾಗೆಯೇ ಹಿಂದಕ್ಕೆ ತಂದ. "ಅಕ್ಕಾರ, ತಗೊಳ್ಳೋರು ಯಾರೂ ಬಸ್‌ಸ್ಟ್ಯಾಂಡಿಗಿ ಬರಲಿಲ್ಲರಿ" ಎಂದ. ಅವ್ವನಿಗೆ ಫೋನು ಮಾಡಿದರೆ ಹಣಮಂತನೇ ಎತ್ತಿದ. ನೀನು ತವರಿಗೆ ಹೋಗಿದ್ದೀ ಎಂದಷ್ಟೇ ಹೇಳಿದ. ಇದನ್ನು ಬಗದಲ್ಲಿಗೆ ಅಂಚೆಯಲ್ಲಿ ಹಾಕುತ್ತಿದ್ದೇನೆ. ಬಗದಲ್ ಇಲ್ಲಿಂದ ಎಷ್ಟು ದೂರ? ನಾನೇ ಬರಬಹುದಿತ್ತು. ಬಂದರೆ ನೀನು ಬಾಗಿಲು ತೆರೆಯುತ್ತೀಯೋ ಇಲ್ಲವೋ ಎಂದು ಬರಲಿಲ್ಲ.

ಒಂದು ಸಾಲು ಬರೆ.

ರಾಧಿಕಾ


ಬಗದಲ್
9 ಜನವರಿ 2025

ಅಕ್ಕಾವರಿಗೆ,

ಒಂದು ಸಾಲು ಸಾಲದು. ಉದ್ದವಾಗಿಯೇ ಬರೆಯುತ್ತೇನೆ. ಓದಿ ಹರಿದುಹಾಕಿದರೂ ಸರಿ.

ನಿಮಗೆ ಬರೆಯಲಾರೆ ಎಂದದ್ದು ಇದು. ಸಂತೆಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಒಳಗೆ ಕರೆಯುತ್ತಿದ್ದರು. ಮಟಮಟ ಮಧ್ಯಾಹ್ನ. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದರು. ದಿನಕ್ಕೆ ಒಂದು ಸಲ ಅಲ್ಲ. ಬೇಡ ಎಂದರೆ ಆ ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ. ಮೊದಲು ದನಿ ಏರಿಸದ ಮನುಷ್ಯ, ಅಕ್ಕ. ಒಂದು ದಿನ ಕೈ ಬಿಡಿಸಿಕೊಂಡು ಹೊರಗೆ ಬಂದು ಅತ್ತು ಕುಳಿತೆ. ಅತ್ತೆ, "ಗುಳಿಗಿ ಕೆಲಸ ಮಾಡ್ಲಿಕತ್ತದ, ನೀ ಯಾಕ ಅಳ್ತಿ? ಏಳ ವರ್ಷ ಇದಕ್ಕ ಅಲ್ಲೇನ ಕಾದದ್ದು?" ಎಂದರು. ಆ ವಾರವೇ ನಿಮ್ಮ ಪತ್ರ ಬಂತು, ಸಂತೋಷವಾಯಿತೆಂದು. ಈಗ ತಿಳಿಯಿತೇ, ಆ ತಿಂಗಳು ಡಬ್ಬಿಯಲ್ಲಿ ಏಕೆ ಕಾಗದ ಇರಲಿಲ್ಲ ಎಂದು?

ಆ ಗುಳಿಗೆ ಬಂದ ಮೇಲೆಯೇ ಇದೆಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅದಕ್ಕೇ ಮುಚ್ಚಿಟ್ಟೆ. ಕುರುಡು ಮಾಡಲು ಅಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಆ ಮುಸರ್ರತಳನ್ನು ಕಣ್ಣಾರೆ ನೋಡಿಯೇ ಬಿಡೋಣ ಎಂದು ಭಾಲ್ಕಿಗೆ ಹೋದೆ. ಹುಡುಕಿದರೆ ಒಂದು ಮನೆ, ಮನೆಯ ಮುಂದಿನ ಕೋಣೆಯಲ್ಲಿ ಸೀರೆ ಅಂಗಡಿ. ನಿಮಗಿಂತ ಹಿರಿಯಳಿರಬೇಕು, ಮೊಣಕಾಲು ನೋವಿನವಳು, ಎದ್ದೇಳಲೂ ಗೋಡೆ ಹಿಡಿಯುತ್ತಾಳೆ. ನಾನು ಬಾಗಿಲಲ್ಲಿ ನಿಂತು ಹೆಸರು ಹೇಳಿದೆ. ನನ್ನ ಮುಖ ನೋಡಿ ಅವಳಿಗೆ ತಿಳಿಯಿತೇನೋ.

"ಆವೋ, ಒಳಗ ಬಾ ಅಮ್ಮಾ. ತಕರಾರಕ್ಕ ಬಂದೀ ಏನು ಖರೀದಿಗಿ ಬಂದೀ? ತಕರಾರ ಇದ್ರ ಮೊದಲ ಚಾ ಕುಡಿ, ದನಿ ಬರತದ" ಎಂದಳು.

ನಾನು ಕುಡಿಯಲಿಲ್ಲ. "ನಮ್ಮ ಮನಿಯವರು ಇಲ್ಲಿ ಯಾಕ ಬರ್ತಾರ?" ಎಂದೆ.

"ಅದನ್ನ ನಾನೇ ನಿನಗ ಕೇಳಬೇಕು! ಬರ್ತಾರ, ಹಸಿರು ತೆಗಿ ಅಂತಾರ. ಬಿಚ್ಚಿ ತೋರಸ್ತೀನಿ ಅಂದ್ರ ಬ್ಯಾಡ. ಅಂಚು ನೋಡಂಗಿಲ್ಲ, ಸೆರಗ ನೋಡಂಗಿಲ್ಲ. ತಗೊಳ್ಳೋ ತನಕಾ ಒಂದ ಕಡೆ ನಿಲ್ಲಂಗಿಲ್ಲ. ತಗೊಂಡ ಮ್ಯಾಲ ಸೀರಿ ಮುಖಾನೂ ನೋಡಂಗಿಲ್ಲ. ಹೊಸಾ ಹಸಿರು ಬಂತೇನು ಅಂತ ಮ್ಯಾಲಿಂದ ಮ್ಯಾಲ ಫೋನ್ ಮಾಡ್ತಾರ. ಎರಡ ಸಲ ಇಲ್ಲೇ ಬಿಟ್ಟ ಹೋಗ್ಯಾರ, ನಾನೇ ಫೋನ್ ಮಾಡಿ ಕರದೀನಿ. ಇಪ್ಪತ್ತ ವರ್ಷ ಅಂಗಡಿ ನಡಸೀನಿ, ಇಂಥಾ ಗಿರಾಕಿ ನೋಡಿಲ್ಲ. ಅಲ್ಲಾ, ನಿಮ್ಮ ಮನ್ಯಾಗ ಎಷ್ಟ ಮಂದಿ ಬಸುರಿ ಅದೀರಿ?"

ಅಕ್ಕ, ಜಗಳಕ್ಕೆ ಹೋದವಳು ಅವಳ ಮುಂದೆ ಅತ್ತುಬಿಟ್ಟೆ. ಅವಳು ನೀರು ತಂದುಕೊಟ್ಟಳು. "ಇದೇ ಗ್ಲಾಸು. ಅವರಿಗೂ ಇದರಾಗೇ ನೀರ ಕೊಡ್ತೀನಿ. ಬಂದಾಗೆಲ್ಲಾ ಒಂದ ಗುಳಿಗಿ ನುಂಗತಾರ. ಏನ್ ಬ್ಯಾನಿ ಅಂತ ಕೇಳಿದ್ರ, ಸಂತಿ ದಿನದ ಗುಳಿಗಿ ಅಂತಾರ. ಉದಗೀರ ಸಂತಿ ಮುಗಸಿ ಬಂದ್ರೂ ಅದೇ ಮಾತು, ಕಮಲನಗರದಿಂದ ಬಂದ್ರೂ ಅದೇ ಮಾತು" ಎಂದಳು.

ಬೇರೆ ಹೆಂಗಸು ಇಲ್ಲ ಎಂದು ತಿಳಿದರೂ ಸಮಾಧಾನ ಆಗಲಿಲ್ಲ. ಹೆಂಗಸಾಗಿದ್ದರೆ ಬೈಯಬಹುದಿತ್ತು. ಇದು ಏನು? ಆ ದಿನ ಭಾಲ್ಕಿಯಿಂದ ಔರಾದಕ್ಕೆ ಹಿಂದಿರುಗಲಿಲ್ಲ, ಬಗದಲ್ ಬಸ್ಸು ಹತ್ತಿದೆ.

ಆ ಸಣ್ಣ ಅಕ್ಷರದ ಕಾಗದ ನನ್ನ ಹತ್ತಿರವೇ ಇದೆ. ಇದರ ಜೊತೆ ಕಳಿಸುತ್ತಿದ್ದೇನೆ. ಓದುವವರು ನೀವು.

ಸಿದ್ದೇಶ್ವರಿ


ಚಿದ್ರಿ, ಬೀದರ
24 ಜನವರಿ 2025

ಸಿದ್ದೇಶ್ವರಿ,

ನಿನ್ನ ಪತ್ರದಲ್ಲಿ ಆ ಮುಸರ್ರತಳ ಮಾತು ಓದಿದೆ. ಮಾರನೆಯ ದಿನ ನಾನು ಪಾಠ ಮಾಡುವ ಸಾಲೆಗೆ ರಜೆ ಹಾಕಿ ಔರಾದಕ್ಕೆ ಹೋದೆ. ಅವ್ವ ಚಹಾ ಇಡಲು ಹೋದಾಗ ಗೋಡೆಯ ಮೇಲಿದ್ದ ಹೋದ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದೆ.

ಜೂನ್ ತಿಂಗಳಲ್ಲಿ ವಾರಕ್ಕೆ ಎರಡು ಗೀಟು. ಜುಲೈ ಕೊನೆಗೆ ಮೂರು. ಸೆಪ್ಟೆಂಬರಿನಲ್ಲಿ ಐದು. ನವೆಂಬರಿನಲ್ಲಿ ಕೆಲವು ವಾರ ಆರು. ಪ್ರತಿ ಗೀಟಿನ ಪಕ್ಕದಲ್ಲಿ ಊರಿನ ಮೊದಲ ಅಕ್ಷರ: ಔ, ಭಾ, ಕ, ಉ. ಒಂದು ದಿನವೂ ಸುಳ್ಳಿಲ್ಲ, ಒಂದು ದಿನವೂ ಮುಚ್ಚುಮರೆ ಇಲ್ಲ. ಗುಳಿಗೆಯಿಂದ ಕಣ್ಣು ಬಂತು, ಕಣ್ಣು ಬಂದದ್ದಕ್ಕೆ ಹಳೆಯ ಸಂತೆಗಳಿಗೆ ಹೋದ, ಸಂತೆಗೆ ಹೋದದ್ದಕ್ಕೆ ಗುಳಿಗೆ ನುಂಗಿದ, ಗುಳಿಗೆ ಹೆಚ್ಚಾದಂತೆ ಕಾಲು ನಿಲ್ಲದೆ ಇನ್ನೊಂದು ಸಂತೆ ಹಿಡಿದ. ಸಂತಿ ದಿನ ಗುಳಿಗಿ, ಇಷ್ಟ ನೆನಪಿಡು ಎಂದವಳು ನಾನು. ಅವನು ಅಷ್ಟೇ ನೆನಪಿಟ್ಟ. ನಾಳೆ ಅವನು ಮೂರನೆಯ ಸಂತೆ ಹಿಡಿಯಬಹುದೆಂದು ಕುರಿಯವರ ಮಗಳಾದ ನನಗೆ ಹೊಳೆಯಲಿಲ್ಲ.

ಗುಳಿಗೆಗಳು ಎಲ್ಲಿ ಹೋದವೆಂದು ನಿನ್ನನ್ನು ಕೇಳಿದೆ. ಉತ್ತರ ಗೋಡೆಯ ಮೇಲೆ ತೂಗುತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಬರೆಯದೆ ಈ ಕಾಗದ ಮುಗಿಸಿದರೆ ನಾನು ಮತ್ತೆ ಅದೇ ಕೆಲಸ ಮಾಡಿದಂತೆ.

ಹೈದರಾಬಾದಿನ ವೈದ್ಯರು ಮೊದಲ ದಿನವೇ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದರು. ಕೆಲವರಲ್ಲಿ ಈ ಗುಳಿಗೆಯಿಂದ ಮನಸ್ಸಿನ ಲಗಾಮು ಸಡಿಲವಾಗುತ್ತದೆ, ಜೂಜಾಗಲಿ, ಖರೀದಿಯಾಗಲಿ, ಗಂಡು ಹೆಣ್ಣಿನ ಆಸೆಯಾಗಲಿ ಮಿತಿ ಮೀರಬಹುದು, ರೋಗಿಗೆ ಅದು ತಾನಾಗಿ ತಿಳಿಯುವುದಿಲ್ಲ, ಆದ್ದರಿಂದ ಹೆಂಡತಿಗೆ ಹೇಳಿರಿ ಎಂದು. ಪಕ್ಕದಲ್ಲೇ ಕುಳಿತಿದ್ದ ಹಣಮಂತ, "ಏನಂದ್ರು ಅಕ್ಕಾ?" ಎಂದ. ನಾನು, "ಏನಿಲ್ಲ, ಹೊಟ್ಟಿ ತೊಳಸ್ತದ ಅಂತ" ಎಂದೆ.

ಅಪರೂಪದ ಮಾತು, ಏಕೆ ಹೆದರಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ತಮ್ಮನ ಮುಖ ನೋಡಿ ಆ ಮಾತನ್ನು ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಇಂಗ್ಲಿಷಿನಲ್ಲಿ ಕೇಳುವಾಗ ನಾಚಿಕೆ ಆಗಿರಲಿಲ್ಲ. ಆಮೇಲೆ ನಿನಗೆ ಬರೆಯುವಾಗಲೂ ಬಿಟ್ಟೆ. ನೀನು ಕೇಳಿದಾಗಲೂ ಬಿಟ್ಟೆ. ಕುಕ್ಕರ್ ಕೊಟ್ಟ ದಿನ ಒಂದು ಕ್ಷಣ ಆ ಮಾತು ನೆನಪಾಯಿತು. ಪ್ರೀತಿ ಎಂದುಕೊಂಡರೆ ಸುಲಭವಿತ್ತು, ಹಾಗೆಂದುಕೊಂಡೆ.

ಏಳು ವರ್ಷ ನಿನ್ನನ್ನು ಮೂರು ಆಸ್ಪತ್ರೆಗೆ ಕರೆದೊಯ್ದವಳೂ ನಾನೇ. ಪ್ರತಿ ಸಲ ನೀನೊಬ್ಬಳೇ ಟೇಬಲ್ಲಿನ ಮೇಲೆ ಮಲಗಿದೆ. ಹಣಮಂತನ ರಕ್ತ ನೋಡಿರಿ ಎಂದು ನಾನು ಒಂದು ಸಲವೂ ಹೇಳಲಿಲ್ಲ. ಕಾರಣ ತಿಳಿಯಿತಲ್ಲ ಎಂದು ಬರೆದು ಅದನ್ನು ಮುಗಿಸಿದೆ.

ಅವನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದೆ. ಈ ಸಲ ಎಲ್ಲವನ್ನೂ ಕನ್ನಡದಲ್ಲೇ ಅವನಿಗೆ ಹೇಳಿದೆ. ಕಿಟಕಿಯ ಕಡೆ ಮುಖ ಮಾಡಿ ಕೇಳಿದ. ಈಗ ಅರ್ಧ ಗುಳಿಗೆ, ಸೋಮವಾರ ಮತ್ತು ಗುರುವಾರ. ಕಡಿಮೆ ಪ್ರಮಾಣದಲ್ಲೂ ಹೀಗಾಗುವುದುಂಟು, ಪೂರ್ತಿ ನಿಲ್ಲಿಸಿದರೆ ಕಣ್ಣಿನ ಭಯ ಇದೆ. ನಡವಳಿಕೆ ಸುಧಾರಿಸದಿದ್ದರೆ ಆಪರೇಷನ್ ನೋಡೋಣ ಎಂದರು. ಹೆಚ್ಚು ಗುಳಿಗೆಯಿಂದ ಹೃದಯದ ಕವಾಟ ದಪ್ಪಗಾಗಬಹುದೆಂದು ಎಕೋ ಮಾಡಿಸಿದರು. ಅದು ಸರಿ ಇದೆ.

ಅವನು ಮಾಡಿದ್ದಕ್ಕೆ ಗುಳಿಗೆ ಕಾರಣ ಎಂದು ನಾನು ಹೇಳಬಹುದು. ಅದಕ್ಕಾಗಿ ನೀನು ಕ್ಷಮಿಸು ಎಂದು ಹೇಳಲಾರೆ. ಬಾ ಎಂದೂ ಹೇಳಲಾರೆ.

ರಾಧಿಕಾ


ಬಗದಲ್
6 ಫೆಬ್ರವರಿ 2025

ಅಕ್ಕಾವರಿಗೆ,

ನಿಮ್ಮ ಕಾಗದ ನನ್ನ ಅವ್ವನಿಗೂ ಓದಿ ಹೇಳಿದೆ. ಅವಳು ನಿಮ್ಮನ್ನು ಬೈದಳು. ನಾನು ತಡೆಯಲಿಲ್ಲ.

ಭಾನುವಾರ ನಿಮ್ಮ ತಮ್ಮ ಬಂದಿದ್ದರು. ಬಾಗಿಲಲ್ಲೇ ನಿಂತರು. ಔರಾದಕ್ಕೆ ಬಾ ಎನ್ನಲಿಲ್ಲ, ಕೈಯಲ್ಲಿದ್ದ ಟೋಪಿ ತಿರುವುತ್ತ ನಿಂತರು. ಇದು ಅವರೋ ಗುಳಿಗೆಯೋ ಎಂದು ನೋಡುತ್ತ ನಾನೂ ನಿಂತೆ. "ಇವತ್ತ ಗುಳಿಗಿ ದಿನ ಏನ್ರಿ?" ಎಂದೆ. "ಅಲ್ಲ. ನಾಳಿ" ಎಂದರು. ಆಮೇಲೆ ತಾವಾಗಿಯೇ, "ಆದ್ರ ಅದು ವಾರಾನುಗಟ್ಲೆ ಮೈಯಾಗೇ ಇರತದಂತ. ನಾನೂ ಕೇಳೀನಿ" ಎಂದರು. ಅದನ್ನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಸೀರೆಯ ಮಾತು ಕೇಳಿದೆ. "ಮೊದಲನೇದು ನಾ ತಂದೀನಿ. ಡಾಕ್ಟರ್ ಮಕ್ಕಳಾಗಬಹುದು ಅಂದ್ರಲ್ಲ, ಆ ವಾರ. ಉಳಿದವು ಯಾರ ತಂದರೋ ನನಗೂ ತಿಳೀವಲ್ದು" ಎಂದರು. ಮೊದಲನೆಯದು ಯಾವುದು ಎಂದೆ. ಅಳುತ್ತ, "ಗುರ್ತ ಸಿಗಂಗಿಲ್ಲ" ಎಂದರು.

ನಾನು ಬರುವುದಾದರೆ ಒಂದು ಷರತ್ತಿದೆ, ಅದು ನಿಮಗೆ. ಆ ಸಣ್ಣ ಅಕ್ಷರದ ಕಾಗದದ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಬರೆಯಿರಿ. ನಿಮಗೆ ನಾಚಿಕೆ ಆದದ್ದನ್ನೂ. ಬೇಡ ಎಂದರೆ ಬೇಡ ಎಂಬುದನ್ನು ಕೆಳಗೆ ನಾನು ಬರೆಯುತ್ತೇನೆ. ಔರಾದಕ್ಕೆ ಬಂದು ಅವರ ಮುಂದೆ, ಅತ್ತೆಯ ಮುಂದೆ, ನನ್ನ ಮುಂದೆ ನೀವೇ ಗಟ್ಟಿಯಾಗಿ ಓದಿರಿ.

ಸಿದ್ದೇಶ್ವರಿ


ಔರಾದ
19 ಮಾರ್ಚ್ 2025

ಅಕ್ಕಾವರಿಗೆ,

ನೀವು ಓದಿ ಹೋದ ಮೇಲೆ ಎರಡು ವಾರ ಕಳೆದವು. ಐದನೆಯ ಸಾಲಿಗೆ, ಗಂಡು ಹೆಣ್ಣಿನ ಆಸೆಯ ಮಾತಿಗೆ, ನಿಮ್ಮ ದನಿ ನಡುಗಿದ್ದು ನನಗೆ ಕೇಳಿಸಿತು. ಆದರೂ ಓದಿದಿರಿ.

ಸದ್ಯಕ್ಕೆ ಇಲ್ಲಿದ್ದೇನೆ. ಸದ್ಯಕ್ಕೆ ಎಂದು ಅವರಿಗೂ ಹೇಳಿದ್ದೇನೆ. ಅತ್ತೆಯ ಕೋಣೆಯಲ್ಲಿ ಮಲಗುತ್ತೇನೆ. ನಿಮ್ಮ ತಮ್ಮ ಎರಡೇ ಸಂತೆ ಮಾಡುತ್ತಾರೆ, ಮಾರುವ ಕುರಿ ಯಾವುದೆಂದು ಮೊದಲು ನನಗೆ ಹೇಳುತ್ತಾರೆ. ಕೆಲವು ದಿನ ಕಾಲು ನಿಲ್ಲದೆ ಅಂಗಳ ತುಂಬ ಓಡಾಡುತ್ತಾರೆ. ಆಗ, "ನನ್ನ ಹೊರಗ ಬಿಡಬ್ಯಾಡ" ಎಂದು ತಾವೇ ಹೇಳುತ್ತಾರೆ. ಸೋಮವಾರ, ಗುರುವಾರ ಅವರು ಗೀಟು ಹಾಕುತ್ತಾರೆ, ಪಕ್ಕದಲ್ಲಿ ನಾನು ಸಹಿ ಹಾಕುತ್ತೇನೆ. ಹಿಂಡಿನ ಅಂಚಿನ ಕುರಿಗಳು ಅವರಿಗೆ ಈಗಲೂ ಕಾಣುತ್ತವೆ. ದಿನಾ ಕೇಳುತ್ತೇನೆ.

ಹದಿನೆಂಟು ಸೀರೆಯನ್ನು ಮುಸರ್ರತಳಿಗೆ ವಾಪಸ್ ಕೊಟ್ಟು ಬಂದೆ. ಎಣಿಸಿ ತೆಗೆದುಕೊಂಡಳು, ಈ ಸಲ ಅವಳ ಚಹಾ ಕುಡಿದೆ. ಒಂದನ್ನು ಇಟ್ಟುಕೊಂಡಿದ್ದೇನೆ. ಅದು ಮೊದಲನೆಯದೇ ಎಂದು ಹೇಗೆ ಹೇಳಲಿ. ಮಡಿಕೆ ಬಿಚ್ಚಿಲ್ಲ.

ನಿಮ್ಮ ಕನ್ನಡ ಕಾಗದವನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿದೆ. ಮರುದಿನ ನೋಡಿದರೆ ಅತ್ತೆ ಸರಿಯಾಗಿ ಐದನೆಯ ಸಾಲು ಮುಚ್ಚುವಂತೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. "ಬಂದ ಹೋದ ಮಂದಿ ನೋಡ್ತಾರವ್ವಾ" ಎಂದರು. ನಾನು ತೆಗೆದು ಪಕ್ಕದ ಮೊಳೆಗೆ ಹಾಕಿದೆ. ಅವರು ಮತ್ತೆ ಮುಚ್ಚಿದರು. ನಾನು ಮತ್ತೆ ತೆಗೆದೆ.

ಇವತ್ತು ಬೆಳಿಗ್ಗೆ ಎದ್ದಾಗ ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲೇ ಇತ್ತು. ಕಾಗದದ ಮೇಲಿದ್ದ ಹಳೆಯ ಮೊಳೆಯನ್ನು ಯಾರೋ ಕಿತ್ತುಹಾಕಿದ್ದಾರೆ. ಯಾರೆಂದು ನಾನು ಕೇಳಿಲ್ಲ.

ಸಿದ್ದೇಶ್ವರಿ